ಮೊದಲ ಶಬ್ದ ‘ತೆನೆ’: ಮನೆಯ ಗಿಳಿಗೆ ಮಾತು ಕಲಿಸುವ ಬಗೆ

ಅರ್ಥ ತಿಳಿಯದೆ ಪಾಠ ಒಪ್ಪಿಸುವ ಹುಡುಗರಿಗೆ ‘ಗಿಣಿಪಾಠ ಸಾಕು’ ಎಂದು ಗದರುತ್ತ ಮೂವತ್ತು ವರ್ಷ ಧಾರವಾಡದಲ್ಲಿ ಮಾಸ್ತರಿಕೆ ಮಾಡಿದವನು ನಾನು. ನಿವೃತ್ತನಾದ ಮೇಲೆ ಒಂದು ಪುಟ್ಟ ಗಿಳಿಯನ್ನು ಸಾಕಿದಾಗ ಗೊತ್ತಾಯಿತು, ಗಿಣಿಪಾಠ ಕಲಿಯುವುದು ಹುಡುಗರು ಮಾತ್ರ; ಗಿಣಿ ಕಲಿಯುವುದಿಲ್ಲ.

‘ನಮಸ್ಕಾರ’ ಎಂಬುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅದು ಮತ್ತೆ ಮತ್ತೆ ಕೇಳಿಸುವಂತೆ ಪಂಜರದ ಪಕ್ಕ ಇಟ್ಟು ನಾನು ಪೇಟೆಗೆ ಹೋಗಿಬಿಡುತ್ತಿದ್ದೆ. ಎರಡು ತಿಂಗಳು ಹೀಗೆ ನಡೆಯಿತು. ನಮಸ್ಕಾರ ಬರಲಿಲ್ಲ. ಒಂದು ಮುಂಜಾನೆ ಕುಕ್ಕರಿನ ಸೀಟಿ ಕೇಳಿ ಹೆಂಡತಿ ಅಡುಗೆಮನೆಗೆ ಓಡಿದಳು. ಒಲೆಯ ಮೇಲೆ ಕುಕ್ಕರ್ ಇರಲೇ ಇಲ್ಲ. ಸೀಟಿ ಹೊಡೆದದ್ದು ಪಂಜರದೊಳಗಿನವನು.

ಅವನ ಲೆಕ್ಕ ಸರಿಯಾಗಿಯೇ ಇತ್ತು. ಮೊಬೈಲಿನ ನಮಸ್ಕಾರಕ್ಕೆ ಮನೆಯಲ್ಲಿ ಯಾರೂ ಅಲುಗಾಡುತ್ತಿರಲಿಲ್ಲ. ಸೀಟಿಗಾದರೋ ಮನೆಯೊಡತಿ ಎದ್ದು ಓಡುತ್ತಿದ್ದಳು. ಯಾವ ಸದ್ದಿನಿಂದ ಏನಾದರೂ ಆಗುತ್ತದೆಯೋ ಆ ಸದ್ದನ್ನು ಗಿಳಿ ಹೆಕ್ಕಿಕೊಳ್ಳುತ್ತದೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ತಿಳಿವಳಿಕೆಯಿಂದ ಹೊರಟವು.

ಯಾವ ಗಿಳಿ, ಯಾವುದು ಬೇಡ

ಮೊದಲು ಕಾನೂನು. ನಮ್ಮ ಬೇವಿನ ಮರಗಳಲ್ಲಿ ಕಿರುಚುವ, ಗದಗಿನ ಸೂರ್ಯಕಾಂತಿ ಹೊಲಗಳಿಗೆ ನುಗ್ಗಿ ರೈತರಿಂದ ಕವಣೆಯ ಕಲ್ಲು ತಿನ್ನುವ, ಕೊರಳಲ್ಲಿ ಗುಲಾಬಿ ಪಟ್ಟಿಯ ಹಸಿರು ಗಿಳಿ ಇದೆಯಲ್ಲ, ಅದನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪಕ್ಷಿ. ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿ ಇಡುವುದು ಎಲ್ಲವೂ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು. ‘ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿ ಗಿಣಿ ಇತ್ತು’ ಎಂಬ ಮಾತು ಅರಣ್ಯ ಇಲಾಖೆಯ ಮುಂದೆ ನಡೆಯುವುದಿಲ್ಲ. ಮರದ ಪೊಟರೆಗೆ ಕೈಹಾಕಿ ಕಣ್ಣು ಬಿಡದ ಮರಿಗಳನ್ನು ತಂದು ಸಂತೆಯಲ್ಲಿ ಮಾರುವವರು ಇಂದಿಗೂ ಇದ್ದಾರೆ. ಬುಟ್ಟಿಯಲ್ಲಿ ಬಂದ ಮರಿಗಳಲ್ಲಿ ಎಷ್ಟು ಬದುಕುತ್ತವೆ ಎಂಬುದನ್ನು ಅವರು ಹೇಳುವುದಿಲ್ಲ. ಗಾಳಿಮಳೆಗೆ ಗೂಡಿನಿಂದ ಬಿದ್ದ ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ. ನೀಲಿ, ಹಳದಿ ಬಣ್ಣದ ‘ರಿಂಗ್‌ನೆಕ್’ ಗಿಳಿಗಳನ್ನು ವಿದೇಶಿ ಎಂದು ಮಾರುತ್ತಾರೆ. ಜಾತಿ ಅದೇ, ಬಣ್ಣ ಮಾತ್ರ ಬೇರೆ. ನಾನಾದರೆ ಅದರ ಗೊಡವೆಗೆ ಹೋಗುವುದಿಲ್ಲ.

ಸಾಕಬಹುದಾದದ್ದು ವಿದೇಶಿ ಮೂಲದ, ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿ. ಹುಬ್ಬಳ್ಳಿಯ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಜೋಡಿಯಾಗಿ ಮಾರುವ, ಬೆನ್ನ ಮೇಲೆ ಗೆರೆಗಳಿರುವ ಹಸಿರು, ನೀಲಿ ಬಣ್ಣದ ಪುಟ್ಟ ಹಕ್ಕಿಗಳು ಬಹುತೇಕ ಲವ್ ಬರ್ಡ್ ಅಲ್ಲವೇ ಅಲ್ಲ. ಅವು ಆಸ್ಟ್ರೇಲಿಯಾ ಮೂಲದ ಬಜ್ರಿಗಾರ್. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಮಾತಿನಲ್ಲಿ ಹಿಂದೆ. ಹೆಸರು ತಪ್ಪಿದ್ದರಿಂದ ಅನೇಕರಿಗೆ ಲಾಭವೇ ಆಗಿದೆ, ಏಕೆಂದರೆ ಕಡಿಮೆ ಖರ್ಚಿನಲ್ಲಿ ಮಾತು ಕಲಿಯುವ ಹಕ್ಕಿ ಬಜ್ರಿಗಾರ್. ಕ್ಯಾಲಿಫೋರ್ನಿಯಾದಲ್ಲಿದ್ದ ಪಕ್ ಎಂಬ ಬಜ್ರಿಗಾರ್ 1,728 ಶಬ್ದಗಳನ್ನು ಆಡುತ್ತಿತ್ತು ಎಂದು ಗಿನ್ನೆಸ್ ದಾಖಲೆಯಲ್ಲಿದೆ. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಎಂಬ ಗಿಳಿಯ ಗಂಡು ಮಾತಿಗಿಂತ ಸೀಟಿಯಲ್ಲಿ ಜಾಣ. ಆಫ್ರಿಕಾದ ಬೂದು ಗಿಳಿ ಮಾತಿನಲ್ಲಿ ಎಲ್ಲರಿಗಿಂತ ಮುಂದೆ; ಆದರೆ ನಾಲ್ವತ್ತು ವರ್ಷ ಬದುಕಬಲ್ಲ ಹಕ್ಕಿಯನ್ನು ಅರವತ್ತು ದಾಟಿದವನು ತರುವ ಮುನ್ನ ಮಕ್ಕಳನ್ನು ಕೇಳಬೇಕು. ಬೂದು ಗಿಳಿ, ಮಕಾವ್, ಕೊನ್ಯೂರ್‌ನಂಥ ಹಕ್ಕಿಗಳಿದ್ದರೆ 2024ರ ಫೆಬ್ರುವರಿಯಲ್ಲಿ ಹೊರಟ ಕೇಂದ್ರದ ನಿಯಮದಂತೆ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಬಜ್ರಿಗಾರ್‌ಗೂ ಕಾಕಟೀಲ್‌ಗೂ ಈ ರಗಳೆ ಇಲ್ಲ.

ಅಂಗಡಿಯವನು ಜೋಡಿಯನ್ನೇ ಕೊಡಲು ನೋಡುತ್ತಾನೆ. ಮಾತು ಬೇಕಿದ್ದರೆ ಒಂದೇ ಹಕ್ಕಿ ತನ್ನಿ. ಎರಡಿದ್ದರೆ ಅವುಗಳಿಗೆ ಅವುಗಳದೇ ಭಾಷೆ ಸಾಕು, ನಿಮ್ಮ ಕನ್ನಡ ಯಾರಿಗೆ ಬೇಕು? ಆದರೆ ಒಂಟಿ ಹಕ್ಕಿ ತಂದವರು ದಿನಕ್ಕೆ ಕೆಲವು ತಾಸಾದರೂ ಅದರ ಜೊತೆ ಇರಬೇಕಾಗುತ್ತದೆ. ಮನೆಗೆ ಬೀಗ ಹಾಕಿ ಬೆಳಗಿನಿಂದ ಸಂಜೆವರೆಗೆ ದುಡಿಯಲು ಹೋಗುವವರು ಜೋಡಿಯನ್ನೇ ತರಲಿ, ಮಾತಿನ ಆಸೆ ಬಿಡಲಿ. ಎರಡು ಮೂರು ತಿಂಗಳ ಮರಿಯಾದರೆ ಒಳ್ಳೆಯದು. ಬಜ್ರಿಗಾರ್‌ನಲ್ಲಿ ಗಂಡು ಹೆಚ್ಚು ಮಾತಾಡುತ್ತದೆ. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳಿರುವ ಮಾಂಸಲ ಪಟ್ಟಿಯನ್ನು ನೋಡಿ: ಬೆಳೆದ ಗಂಡಿಗೆ ಅದು ನೀಲಿ, ಹೆಣ್ಣಿಗೆ ಕಂದು. ಮರಿಗಂಡಿನಲ್ಲಿ ಗುಲಾಬಿ-ನೇರಳೆ ಇರುತ್ತದೆ, ಮರಿಹೆಣ್ಣಿನಲ್ಲಿ ಹೊಳ್ಳೆಯ ಸುತ್ತ ಬಿಳಿ ಬಳೆ ಕಾಣುತ್ತದೆ. ಬಿಳಿ ಮತ್ತು ಅಚ್ಚ ಹಳದಿ ಹಕ್ಕಿಗಳಲ್ಲಿ ಈ ಗುರುತು ಕೈಕೊಡುತ್ತದೆ. ನಮ್ಮವನ ಕೊರಳಲ್ಲಿ ಕಪ್ಪು ಬೊಟ್ಟುಗಳಿದ್ದವು. ಗಂಡೋ ಹೆಣ್ಣೋ ಎಂದು ತಿಳಿಯುವ ಮೊದಲೇ ಮೊಮ್ಮಗಳು ‘ಚುಕ್ಕಿ’ ಎಂದು ಕರೆದಳು. ಗಂಡು ಎಂದು ತಿಳಿದ ಮೇಲೂ ಹೆಸರು ಹಾಗೆಯೇ ಉಳಿಯಿತು.

ಪಂಜರ ಇಡುವ ಜಾಗ

ಪಡಸಾಲೆಯ ಒಂದು ಮೂಲೆ, ಒಂದು ಬದಿಗೆ ಗೋಡೆ, ನಿಂತ ಮನುಷ್ಯನ ಎದೆಯ ಎತ್ತರ. ಮನೆಯವರು ಕೂತು ಮಾತಾಡುವ ಜಾಗವೇ ಆಗಬೇಕು, ಅಡುಗೆಮನೆ ಆಗಕೂಡದು. ನಾನ್‌ಸ್ಟಿಕ್ ಬಾಣಲೆ ಖಾಲಿಯಾಗಿ ಕಾದು ಹೊಗೆಯಾಡಿದರೆ ಆ ಆವಿ ನಮಗೆ ವಾಸನೆಯೂ ಬರುವ ಮೊದಲು ಹಕ್ಕಿಯನ್ನು ಕೊಲ್ಲಬಲ್ಲದು. ಊದಿನಕಡ್ಡಿ, ಲೋಬಾನ, ಸೊಳ್ಳೆ ಬತ್ತಿಯ ಹೊಗೆಯೂ ಬೇಡ. ದೇವರ ಮನೆಯಿಂದಲೂ ದೂರ ಇಡಿ. ಪಂಜರದಲ್ಲಿ ಕನ್ನಡಿ ಇದ್ದರೆ ತೆಗೆಯಿರಿ. ಕನ್ನಡಿಯೊಳಗಿನ ಗೆಳೆಯ ಸಿಕ್ಕವನಿಗೆ ನಿಮ್ಮ ಮುಖ ಬೇಡವಾಗುತ್ತದೆ. ರಾತ್ರಿ ಹತ್ತು-ಹನ್ನೆರಡು ತಾಸು ನಿದ್ದೆ ಬೇಕು. ಟಿ.ವಿ. ಹತ್ತು ಗಂಟೆಯವರೆಗೆ ಕೂಗುವ ಮನೆಯಲ್ಲಿ ಪಂಜರಕ್ಕೆ ತೆಳುವಾದ ಹತ್ತಿ ಬಟ್ಟೆ ಹೊದಿಸಿ ಬೇರೆ ಕೋಣೆಗೆ ಒಯ್ಯಿರಿ.

ನಂಬಿಕೆ ಮೊದಲು, ಪಾಠ ಆಮೇಲೆ

ತಂದ ಮೊದಲ ವಾರ ಏನೂ ಕಲಿಸಬೇಡಿ. ಪಂಜರದ ಬಳಿ ಕೂತು ಪೇಪರ್ ಓದಿ, ಚಹಾ ಕುಡಿಯಿರಿ, ಮೆಲುದನಿಯಲ್ಲಿ ಮಾತಾಡಿ. ದಿಟ್ಟಿಸಿ ನೋಡಬೇಡಿ, ತನ್ನನ್ನೇ ನೆಟ್ಟ ನೋಟದಿಂದ ನೋಡುವ ಪ್ರಾಣಿ ಬೇಟೆಗಾರ ಎಂಬುದು ಹಕ್ಕಿಯ ರಕ್ತದಲ್ಲಿ ಬರೆದಿದೆ. ನೀವು ಬಂದಾಗ ಮೂಲೆಗೆ ಸರಿಯದೆ, ರೆಕ್ಕೆ ಒದರಿಕೊಂಡು, ಗರಿ ನೀವಿಕೊಳ್ಳತೊಡಗಿದರೆ ಹೆದರಿಕೆ ಹೋಯಿತು ಎಂದು ತಿಳಿಯಿರಿ.

ಆಮೇಲೆ ನವಣೆಯ ತೆನೆ ತನ್ನಿ. ಬಜ್ರಿಗಾರ್ ಸಾಕುವವರು ದೂರದ ಊರುಗಳಲ್ಲಿ ಇದನ್ನು ಪೊಟ್ಟಣದಲ್ಲಿ ದುಬಾರಿಗೆ ಕೊಳ್ಳುತ್ತಾರೆ. ಧಾರವಾಡ, ಗದಗ, ಹಾವೇರಿಗಳಲ್ಲಿ ಸಿರಿಧಾನ್ಯ ಬೆಳೆಯುವ ಪರಿಚಯದ ರೈತರಿದ್ದರೆ ಕೊಯ್ಲಿನ ಹೊತ್ತಿಗೆ ಒಂದು ಕಟ್ಟು ಕೇಳಿ ತಂದು, ಔಷಧ ಸಿಂಪಡಿಸಿಲ್ಲ ಎಂದು ಖಾತ್ರಿ ಮಾಡಿಕೊಂಡು, ನೆರಳಲ್ಲಿ ಒಣಗಿಸಿ ಇಟ್ಟುಕೊಂಡರೆ ವರ್ಷ ಸಾಗುತ್ತದೆ. ಬಟ್ಟಲಲ್ಲಿ ನವಣೆ, ಸಾವೆ ಕಾಳು, ಜೊತೆಗೆ ತೊಳೆದ ಮೆಂತ್ಯದ ತಪ್ಪಲು, ತುರಿದ ಗಜ್ಜರಿ ಇರಲಿ. ತೆನೆ ಮಾತ್ರ ಬಟ್ಟಲಿಗೆ ಹೋಗಕೂಡದು, ನಿಮ್ಮ ಕೈಯಿಂದಲೇ ಸಿಗಬೇಕು. ಮೊದಲು ಸರಳಿನ ಹೊರಗಿನಿಂದ ಹಿಡಿಯಿರಿ, ಕೆಲವು ದಿನಗಳ ನಂತರ ಬಾಗಿಲೊಳಗೆ ಕೈಯಿಟ್ಟು ಹಿಡಿಯಿರಿ. ಹಕ್ಕಿ ಬೆರಳ ಮೇಲೆ ಕೂತು ತೆನೆ ತಿಂದ ದಿನ ಶಾಲೆ ಶುರು. ಪಂಜರದಿಂದ ಹೊರಗೆ ಬಿಡುವಾಗ ಕಿಟಕಿ ಮುಚ್ಚಿ, ಮುಖ್ಯವಾಗಿ ಮೇಲಿನ ಫ್ಯಾನ್ ಆರಿಸಿ. ನಮ್ಮ ಓಣಿಯಲ್ಲೇ ಒಂದು ಹಕ್ಕಿ ಫ್ಯಾನಿಗೆ ಸಿಕ್ಕು ಹೋಯಿತು.

ಯಾವ ಶಬ್ದದಿಂದ ಶುರು ಮಾಡಬೇಕು

ಗಿಳಿಗೆ ನಮ್ಮ ಹಾಗೆ ಗಂಟಲಲ್ಲಿ ಧ್ವನಿತಂತುಗಳಿಲ್ಲ. ಶ್ವಾಸನಾಳ ಎದೆಯೊಳಗೆ ಎರಡಾಗಿ ಕವಲೊಡೆಯುವ ಜಾಗದಲ್ಲಿ ಸಿರಿಂಕ್ಸ್ ಎಂಬ ಅಂಗವಿದೆ. ಸದ್ದು ಹುಟ್ಟುವುದು ಅಲ್ಲಿ. ಅದನ್ನು ಮಾತಿನ ಆಕಾರಕ್ಕೆ ತಿದ್ದುವುದು ಗಂಟಲು ಮತ್ತು ದಪ್ಪನೆಯ ನಾಲಿಗೆ. ತುಟಿ ಎಂಬುದಿಲ್ಲ. ತುಟಿ ಕೂಡಿಸಿ ಆಡುವ ಪ, ಬ, ಮ ಅಕ್ಷರಗಳನ್ನು ಅದು ಹೇಗೋ ಹೊಂದಿಸಿಕೊಂಡು ಆಡಬೇಕು. ಹೀಗಾಗಿ ಮೊದಲ ಶಬ್ದಕ್ಕೆ ಕ, ಚ, ಟ, ತ ಲೇಸು. ಎರಡು ಅಕ್ಷರ ಸಾಕು. ಚಹಾ, ಕಾಕಾ, ತಾತಾ, ಅಕ್ಕಾ ಎಲ್ಲವೂ ಆಗುತ್ತವೆ.

ಅಕ್ಷರಕ್ಕಿಂತ ಮುಖ್ಯವಾದದ್ದು ಆ ಶಬ್ದದಿಂದ ಏನಾಗುತ್ತದೆ ಎಂಬುದು. ನನ್ನ ‘ನಮಸ್ಕಾರ’ ಸೋತದ್ದು ಅಲ್ಲಿಯೇ. ಹಕ್ಕಿಗೆ ನಮಸ್ಕಾರದಿಂದ ಆಗಬೇಕಾದದ್ದೇನು? ಅದನ್ನು ಬಿಟ್ಟು ‘ತೆನೆ’ ಹಿಡಿದೆ. ಶಬ್ದವೂ ಚಿಕ್ಕದು, ಅಕ್ಷರವೂ ಅನುಕೂಲ, ಹೇಳಿದರೆ ಸಿಗುವ ವಸ್ತುವೂ ಅದೇ. ಚುಕ್ಕಿಯ ಬಾಯಿಂದ ಬಂದ ಮೊದಲ ಕನ್ನಡ ಶಬ್ದ ಅದು. ಅದಕ್ಕೆ ಏಳು ವಾರ ಹಿಡಿಯಿತು.

ದಿನದ ರಿಯಾಜ್

ಇದು ಕಿರಾನಾ ಘರಾಣೆಯ ಹಾಡುಗಾರಿಕೆ ಕೇಳಿ ಬೆಳೆದ ಊರು; ರಿಯಾಜ್ ಎಂದರೆ ಏನೆಂದು ಇಲ್ಲಿ ವಿವರಿಸಬೇಕಿಲ್ಲ. ಮುಂಜಾನೆ ಹತ್ತು ಹದಿನೈದು ನಿಮಿಷ, ಸಂಜೆ ಅಷ್ಟೇ. ಮುಂಜಾನೆ ಪಂಜರದ ಹೊದಿಕೆ ತೆಗೆದ ಮೇಲಿನ ಹೊತ್ತು ಉತ್ತಮ, ಏಕೆಂದರೆ ಕಾಡಿನಲ್ಲೂ ಗಿಳಿಗಳು ಹೆಚ್ಚು ಕೂಗಾಡುವುದು ಬೆಳಗಿಗೂ ಸಂಜೆಗೂ. ಟಿ.ವಿ. ಆರಿಸಿ. ಕಲಿಸುವವರು ಮೊದಲಿಗೆ ಒಬ್ಬರೇ ಇರಲಿ. ಹೆಂಗಸರ, ಮಕ್ಕಳ ಎತ್ತರದ ದನಿಯನ್ನು ಬಜ್ರಿಗಾರ್ ಬೇಗ ಹಿಡಿಯುತ್ತದೆ ಎಂದು ಸಾಕಿದವರು ಹೇಳುತ್ತಾರೆ. ನಮ್ಮ ಮನೆಯಲ್ಲೂ ನನ್ನ ಗಡಸು ದನಿಗಿಂತ ಮೊಮ್ಮಗಳ ದನಿಯೇ ಗೆದ್ದಿತು.

ತೆನೆಯನ್ನು ತೋರಿಸುತ್ತ ‘ತೆನೆ’ ಎನ್ನಿ. ಉತ್ಸಾಹದಿಂದ, ಸ್ವಲ್ಪ ರಾಗ ಎಳೆದು, ಪ್ರತಿ ಸಲ ಅದೇ ಎಳೆತದಲ್ಲಿ ಹೇಳಿ. ಸುಮ್ಮನಿದ್ದು ಕಾಯಿರಿ. ಮತ್ತೆ ಹೇಳಿ ಕೊಡಿ. ಒಂದೇ ಉಸಿರಿಗೆ ಇಪ್ಪತ್ತು ಸಲ ಹೇಳುವುದು ಮಂತ್ರಜಪವಾಗುತ್ತದೆ. ಎರಡು ಶಬ್ದದ ನಡುವೆ ಬಿಟ್ಟ ಮೌನದಲ್ಲಿ ಹಕ್ಕಿ ಕಲಿಯುತ್ತದೆ. ಅದು ಕೇಳುತ್ತಿದೆ ಎಂದು ತಿಳಿಯುವುದು ಹೇಗೆ? ಒಮ್ಮೆಗೇ ಕದಲದೆ ಕೂರುತ್ತದೆ, ತಲೆ ಓರೆ ಮಾಡುತ್ತದೆ. ದೊಡ್ಡ ಗಿಳಿಗಳಲ್ಲಿ ಕಣ್ಣಿನ ಪಾಪೆ ಹಿಗ್ಗಿ ಕುಗ್ಗುವುದು ಚೆನ್ನಾಗಿ ಕಾಣುತ್ತದೆ. ಬೆನ್ನು ತಿರುಗಿಸಿ ಗರಿ ನೀವಿಕೊಂಡರೆ ಅವತ್ತಿನ ತರಗತಿ ಮುಗಿಯಿತು.

ಪಾಠಕ್ಕಿಂತ ದಿನವಿಡೀ ಆಡುವ ಮಾತು ಹೆಚ್ಚು ಕೆಲಸ ಮಾಡುತ್ತದೆ. ನೀರು ಬದಲಿಸುವಾಗ ‘ನೀರು’, ಪಂಜರದ ಬಾಗಿಲು ತೆರೆಯುವಾಗ ‘ಬಾ’, ಹೊರಗೆ ಹೊರಟಾಗ ‘ಹೋಗಿ ಬರುತ್ತೇನೆ’. ಆಯಾ ಹೊತ್ತಿಗೆ ಆಯಾ ಮಾತು, ಬೇರೆ ಹೊತ್ತಿಗೆ ಬೇಡ. ನಾನು ಚಪ್ಪಲಿ ಮೆಟ್ಟಿಕೊಳ್ಳುವ ಮೊದಲೇ ಚುಕ್ಕಿ ಈಗ ನನ್ನನ್ನು ಕಳುಹಿಸಿಕೊಡುತ್ತಾನೆ. ಅರ್ಥ ತಿಳಿದು ಹೇಳುತ್ತಾನೆಯೇ ಎಂದು ಕೇಳಿದರೆ, ಚಪ್ಪಲಿಗೂ ಆ ಮಾತಿಗೂ ನಂಟಿದೆ ಎಂಬಷ್ಟು ತಿಳಿದಿದ್ದಾನೆ ಎನ್ನುತ್ತೇನೆ.

ಮೊದಲ ಶಬ್ದ ಸ್ಪಷ್ಟವಾಗಿ ಬರುತ್ತದೆ ಎಂದು ಕಾಯಬೇಡಿ. ಸಂಜೆ, ತೂಕಡಿಸುವ ಹೊತ್ತಿಗೆ, ಗಂಟಲ ಗರಿ ಉಬ್ಬಿಸಿಕೊಂಡು ತನ್ನಷ್ಟಕ್ಕೆ ಗೊಣಗುತ್ತದಲ್ಲ, ಅದೇ ಅದರ ತಾಲೀಮು. ಬಜ್ರಿಗಾರ್‌ನ ದನಿ ಸಣ್ಣದು, ವೇಗ ಹೆಚ್ಚು. ಮೊಬೈಲಿನಲ್ಲಿ ಧ್ವನಿಮುದ್ರಿಸಿ ನಿಧಾನಗತಿಯಲ್ಲಿ ಕೇಳಿದಾಗ, ಚಿಲಿಪಿಲಿಯ ನಡುವೆ ಎಂದೋ ಕಲಿತ ಶಬ್ದ ಅಡಗಿರುವುದು ಗೊತ್ತಾಗುತ್ತದೆ. ನನ್ನ ಮೊಬೈಲ್ ಕಲಿಸಲು ಬರಲಿಲ್ಲ, ಕೇಳಿಸಿಕೊಳ್ಳಲು ಬಂತು. ಶಬ್ದದ ತುಣುಕು ಕೇಳಿದರೂ ಕೂಡಲೇ ತೆನೆ ಕೊಡಿ. ಮೂರು ತಿಂಗಳಾದರೂ ಬರದಿದ್ದರೆ ಶಬ್ದ ಬದಲಿಸಿ ನೋಡಿ. ಬೂದು ಗಿಳಿಗಳು ವರ್ಷ ದಾಟಿದ ಮೇಲೆ ಬಾಯಿ ಬಿಡುವುದೂ ಉಂಟು. ಕೆಲವು ಎಂದೂ ಮಾತಾಡುವುದಿಲ್ಲ, ಅದಕ್ಕೆ ಯಾರದೂ ತಪ್ಪಿಲ್ಲ.

ಇಬ್ಬರು ಸೇರಿ ಆಡುವ ಆಟ

ಮೊದಲ ಶಬ್ದ ಬಂದ ಮೇಲೆ ನಮಗೆ ಹೆಚ್ಚು ಫಲ ಕೊಟ್ಟ ವಿಧಾನ ಇದು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಷಿಕಾಗೋದ ಅಂಗಡಿಯೊಂದರಿಂದ ಅಲೆಕ್ಸ್ ಎಂಬ ಬೂದು ಗಿಳಿಯನ್ನು ತಂದು, 2007ರಲ್ಲಿ ಅದು ಸಾಯುವವರೆಗೂ ಕಲಿಸಿದರು. ಸುಮಾರು ನೂರು ಶಬ್ದ ಬಲ್ಲ ಆ ಗಿಳಿ ವಸ್ತುವಿನ ಹೆಸರು, ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಕೆ ತಿಳಿಯುತ್ತಿತ್ತು. ಅವರ ಪದ್ಧತಿಯಲ್ಲಿ ಪಾಠ ನಡೆಯುತ್ತಿದ್ದುದು ಇಬ್ಬರು ಮನುಷ್ಯರ ನಡುವೆ. ಗಿಳಿ ನೋಡುತ್ತ ಕೂರುತ್ತಿತ್ತು. ಒಬ್ಬರು ಗುರು, ಇನ್ನೊಬ್ಬರು ಶಿಷ್ಯ. ಶಿಷ್ಯನನ್ನು ಕಂಡು ಗಿಳಿ ಕಲಿಯಬೇಕು, ಅವನ ಮೇಲೆ ಹೊಟ್ಟೆಕಿಚ್ಚನ್ನೂ ಪಡಬೇಕು.

ಮನೆಯಲ್ಲಿ ನಾವು ಹೀಗೆ ಆಡುತ್ತೇವೆ. ಪಂಜರದ ಮುಂದೆ ನಾನೂ ಮೊಮ್ಮಗಳೂ ಕೂರುತ್ತೇವೆ. ನಾನು ಗಜ್ಜರಿ ಎತ್ತಿ ಹಿಡಿದು ‘ಇದೇನು?’ ಎನ್ನುತ್ತೇನೆ. ಅವಳು ‘ಗಜ್ಜರಿ’ ಎನ್ನುತ್ತಾಳೆ. ‘ಭಲೆ!’ ಎಂದು ಗಜ್ಜರಿ ಅವಳ ಕೈಗೆ ಕೊಡುತ್ತೇನೆ. ಅವಳು ಚಪ್ಪರಿಸಿ ತಿನ್ನುತ್ತಾಳೆ. ಮುಂದಿನ ಸಲ ಅವಳು ಬೇಕೆಂದೇ ತಪ್ಪು ಹೇಳುತ್ತಾಳೆ. ನಾನು ಮುಖ ತಿರುಗಿಸಿ ಗಜ್ಜರಿ ಬಚ್ಚಿಡುತ್ತೇನೆ. ಆಮೇಲೆ ಅದಲುಬದಲು: ಅವಳು ಗುರು, ನಾನು ಶಿಷ್ಯ. ಈ ಅದಲುಬದಲು ಬಿಡಬೇಡಿ, ಇಲ್ಲದಿದ್ದರೆ ಪ್ರಶ್ನೆ ಕೇಳುವ ಹಕ್ಕು ಒಬ್ಬರದೇ ಎಂದು ಗಿಳಿ ತಿಳಿಯುತ್ತದೆ. ನಾಲ್ಕೈದು ಸುತ್ತಾದ ಮೇಲೆ ಪ್ರಶ್ನೆಯನ್ನು ಗಿಳಿಗೆ ಕೇಳಿ. ಒಂದು ನಿಯಮ ಮಾತ್ರ ಗಟ್ಟಿ: ಹೆಸರು ಹೇಳಿದರೆ ಆ ವಸ್ತುವೇ ಬಹುಮಾನ. ‘ಗಜ್ಜರಿ’ ಎಂದದ್ದಕ್ಕೆ ತೆನೆ ಕೊಟ್ಟರೆ ತೆನೆಯ ಹೆಸರೇ ಗಜ್ಜರಿ ಎಂದಾಗುತ್ತದೆ. ತೆನೆಗಾಗಿ ಎಲ್ಲ ಶಬ್ದ ಕಲಿಸಹೊರಟು ನಾನು ಒಂದು ತಿಂಗಳು ಗೊಂದಲ ಮಾಡಿಕೊಂಡೆ.

ಕಲಿಸದೆ ಬರುವ ಮಾತು

ಬಯ್ಗುಳವನ್ನು ಯಾರೂ ಕಲಿಸುವುದಿಲ್ಲ, ಆದರೆ ಅದೇ ಮೊದಲು ಬರುತ್ತದೆ. ಕಾರಣ ಕುಕ್ಕರಿನದೇ: ಬಯ್ಗುಳದಲ್ಲಿ ದನಿ ಏರುತ್ತದೆ, ಮುಖ ಕೆಂಪಾಗುತ್ತದೆ, ಮನೆಯೆಲ್ಲ ಅಲುಗುತ್ತದೆ. ಹಕ್ಕಿ ಅದನ್ನಾಡಿದಾಗ ಬಂದವರು ಬಿದ್ದು ಬಿದ್ದು ನಕ್ಕರೆ ಮುಗಿಯಿತು, ಜನ್ಮಪೂರ್ತಿ ಉಳಿಯುತ್ತದೆ. ಗದರಿದರೂ ಅಷ್ಟೇ, ಗದರುವುದೂ ಅದಕ್ಕೆ ಒಂದು ಉತ್ತರ. ಬೇಡದ ಮಾತಿಗೆ ಮುಖದ ಮೇಲೆ ಏನೂ ತೋರಿಸದೆ ಎದ್ದು ಹೋಗಿ. ಬೇಕಾದ ಮಾತಿಗೆ ಓಡಿ ಬನ್ನಿ. ಕುಕ್ಕರಿನ ಸೀಟಿಗೆ ಹೆಂಡತಿ ಓಡುವುದನ್ನು ಬಿಟ್ಟ ಮೇಲೆ ಚುಕ್ಕಿಯ ಸೀಟಿ ತಿಂಗಳೊಪ್ಪತ್ತಿನಲ್ಲಿ ನಿಂತಿತು. ಎರಡು ಸಲ ಅನ್ನ ತಳ ಹಿಡಿದದ್ದು ಬೇರೆ ಮಾತು.

ಬಜೆ, ಮೆಣಸಿನಕಾಯಿ, ನಾಲಿಗೆ

ಕೂಸುಗಳಿಗೆ ಮಾತು ಬರಲಿ ಎಂದು ಬಜೆ ತೇಯ್ದು ನೆಕ್ಕಿಸುವ ಮನೆಗಳಲ್ಲಿ ಹಕ್ಕಿಗೂ ಅದನ್ನೇ ಹಚ್ಚಿರಿ ಎಂದು ಹೇಳುವ ಹಿರಿಯರಿದ್ದಾರೆ. ಬೇಡ. ಖಾರ ತಿಂದರೆ ಗಿಳಿಯ ನಾಲಿಗೆ ಚುರುಕಾಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಖಾರ ಎಂದು ನಮಗೆ ಉರಿಯುವ ಕ್ಯಾಪ್ಸೈಸಿನ್ ಹಕ್ಕಿಗಳ ನರಕ್ಕೆ ತಟ್ಟುವುದೇ ಇಲ್ಲ. ಬ್ಯಾಡಗಿಯಾಗಲಿ ಗುಂಟೂರಾಗಲಿ ಗಿಳಿಗೆ ಅದು ಬರಿಯ ತರಕಾರಿ. ತಿಂದರೆ ಕೆಡುಕಿಲ್ಲ, ಮಾತೂ ಬರುವುದಿಲ್ಲ. ನಾಲಿಗೆ ಕೆರೆಯುವುದು, ಕತ್ತರಿಸುವುದು ಅಪ್ಪಟ ಹಿಂಸೆ. ಮಾತು ಹುಟ್ಟುವುದು ಎದೆಯೊಳಗಿನ ಸಿರಿಂಕ್ಸಿನಲ್ಲಿ ಎಂದು ಆಗಲೇ ಹೇಳಿದೆ. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಉಳ್ಳಾಗಡ್ಡಿ, ಉಪ್ಪಿನ ತಿನಿಸು ಕೊಡಬೇಡಿ. ಪೇಢೆಯನ್ನೂ ಕೊಡಬೇಡಿ, ಧಾರವಾಡದ ಹಕ್ಕಿಯಾದರೂ ಸರಿ.

ಮಾತು ನಿಂತರೆ

ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಕೆಲವು ವಾರ ಮೌನವಾಗುವುದು ಸಹಜ. ಆದರೆ ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕೂರುವುದು, ಉಸಿರಿನೊಡನೆ ಬಾಲ ಮೇಲೆ ಕೆಳಗೆ ಆಡುವುದು, ಹಿಕ್ಕೆಯ ಬಣ್ಣ ಬದಲಾಗುವುದು ಕಂಡರೆ ಅವತ್ತೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ; ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನಾನೊಮ್ಮೆ ಒಯ್ದಾಗ ಸಿಕ್ಕ ವೈದ್ಯರಿಗೆ ಎಮ್ಮೆಯ ಮೇಲಿದ್ದ ಪ್ರೀತಿ ಹಕ್ಕಿಯ ಮೇಲಿರಲಿಲ್ಲ, ‘ಇನ್ನೊಂದು ತನ್ನಿ’ ಎಂದರು. ಹಕ್ಕಿಗಳನ್ನು ನೋಡಿ ಅನುಭವವಿರುವವರು ಯಾರೆಂದು ಕಾಯಿಲೆ ಬರುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಅಲ್ಲಿ ಕೇಳಬಹುದು. ಗಿಳಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಎಂಬ ಶ್ವಾಸಕೋಶದ ಸೋಂಕೂ ಇದೆ. ಹೀಗಾಗಿ ಪಂಜರದ ಕಾಗದ ದಿನವೂ ಬದಲಿಸಿ, ಕೈ ತೊಳೆಯಿರಿ, ಹಕ್ಕಿಯನ್ನು ತುಟಿಗೆ ಒತ್ತಿಕೊಳ್ಳಬೇಡಿ.

ಕೊನೆಗೆ ವಿಳಾಸ

ಎಂಟು ಹತ್ತು ಶಬ್ದ ಬಂದ ಮೇಲೆ ಓಣಿಯ ಹೆಸರನ್ನು ಕಲಿಸಿ. 2012ರಲ್ಲಿ ಜಪಾನಿನಲ್ಲಿ ಮನೆಯಿಂದ ಹಾರಿಹೋದ ಬಜ್ರಿಗಾರ್ ಒಂದು ಪೊಲೀಸರ ಮುಂದೆ ತನ್ನ ಮನೆಯ ವಿಳಾಸ ಹೇಳಿ ಒಡತಿಯನ್ನು ಸೇರಿಕೊಂಡಿತು. ಅದನ್ನು ತಿಳಿದಂದಿನಿಂದ ನಾನೂ ಪ್ರತಿ ಸಂಜೆ ಪಂಜರದ ಬಾಗಿಲು ತೆರೆಯುವ ಮುನ್ನ ‘ಮಾಳಮಡ್ಡಿ’ ಎನ್ನುತ್ತೇನೆ. ಹೇಳಿದರೆ ಬಾಗಿಲು ತೆರೆಯುತ್ತದೆ ಎಂಬುದು ಚುಕ್ಕಿಗೆ ಗೊತ್ತಾಗಿದೆ. ತುಟಿಯಿಲ್ಲದ ಬಾಯಿಗೆ ಎರಡು ಮಕಾರ ಹೆಚ್ಚಾಯಿತೇನೋ, ಸದ್ಯಕ್ಕೆ ‘ಆಳವಡ್ಡಿ’ ಎನ್ನುತ್ತಾನೆ. ಕಳೆದುಹೋದರೆ ಧಾರವಾಡದ ಪೊಲೀಸರಿಗೆ ಅಷ್ಟು ಸಾಕು.